ಕೂರ್ಲಿಕ್ಕೆ ಆಗುವುದಿಲ್ಲ

ಫಳ್ನೀರಿನ ತಮ್ಮದೇ ‘ಶಶಿ ಲಾಡ್ಜ್’ನ ಆರನೇ ನಂಬರ್ ರೂಮಿನಲ್ಲಿ ಮಹಾಬಲ ಶೆಟ್ಟರು ಒಬ್ಬಳನ್ನು ಇಟ್ಟುಕೊಂಡಿದ್ದಾರೆ ಎಂಬ ಸುದ್ದಿ ಹುಟ್ಟಿದ್ದು ಎಂಬತ್ತೆರಡನೇ ಇಸವಿಯ ಬೇಸಗೆಯಲ್ಲಿ. ಮಳೆಗಾಲ ಮುಗಿಯುವಷ್ಟರಲ್ಲಿ ಅದು ಅವರ ಮನೆಯಿದ್ದ ಬಿಜೈವರೆಗೆ ನಡೆದು ಬಂದು ಅವರ ಹೆಂಡತಿ ಶಶಿಪ್ರಭಾ ಅವರ ಕಿವಿಗೂ ಬಿದ್ದಿತ್ತು. ಲಾಡ್ಜಿಗೆ ಹೆಂಡತಿಯ ಹೆಸರು, ಅದರ ರೂಮಿನಲ್ಲಿ ಇನ್ನೊಬ್ಬಳು. ಆಡಿಕೊಳ್ಳುವ ಬಾಯಿಗಳಿಗೆ ಇದಕ್ಕಿಂತ ಹೆಚ್ಚು ಏನು ಬೇಕು?

ಸುದ್ದಿ ಶುದ್ಧ ಸುಳ್ಳು. ಆ ರೂಮಿನಲ್ಲಿ ಹೆಂಗಸು ಇರಲಿಲ್ಲ. ಇದ್ದದ್ದು ಒಂದು ಕಮೋಡು.

ಅದನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ಶೆಟ್ಟರು ಅದನ್ನು ಯಾರಿಗೂ ಹೇಳಲಾರದೆ ಹೋದದ್ದರಿಂದಲೇ ಮುಂದಿನದೆಲ್ಲ ಆದದ್ದು.

ಅದರ ಹಿಂದಿನ ವರ್ಷ ಅವರು ಕಂಕನಾಡಿಯ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದು ಎಡ ಮೊಣಕಾಲು ಮುರಿದುಕೊಂಡಿದ್ದರು. ಎಲುಬು ಕೂಡಿತು, ಆದರೆ ಮೊಣಕಾಲು ಮಡಚುವುದನ್ನು ಮರೆತುಬಿಟ್ಟಿತು. ನಡೆಯಬಹುದು, ನಿಲ್ಲಬಹುದು, ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಇರಬಹುದು. ಕುಕ್ಕುರುಗಾಲಿನಲ್ಲಿ ಕೂರುವುದು ಮಾತ್ರ ಇನ್ನು ಸಾಧ್ಯವಿಲ್ಲ ಎಂದು ಡಾಕ್ಟರು ಹೇಳಿದಾಗ ಶೆಟ್ಟರು “ಅಷ್ಟೇ ಅಲ್ವಾ!” ಎಂದು ನಕ್ಕಿದ್ದರು. ಅಷ್ಟೇ ಅಲ್ಲ ಎಂದು ತಿಳಿದದ್ದು ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಬೆಳಿಗ್ಗೆ.

ಬಿಜೈಯ ಆ ಮನೆ ಶೆಟ್ಟರದ್ದಲ್ಲ, ಶಶಿಪ್ರಭಾ ಅವರದ್ದು. ಅಳಿಯಕಟ್ಟಿನ ಮನೆತನ. ಕಾನೂನು ಬದಲಾಗಿ ಬಹಳ ಕಾಲವಾಗಿದ್ದರೂ ಮನೆಯೊಳಗೆ ಏನೂ ಬದಲಾಗಿರಲಿಲ್ಲ. ನೆಲ ಹೆಣ್ಣುಮಕ್ಕಳದ್ದು, ಯಜಮಾನಿಕೆ ಶಶಿಪ್ರಭಾ ಅವರ ಅಣ್ಣ ಚಿತ್ತರಂಜನ ರೈಗಳದ್ದು. ಗಂಡನಾದವನು ಹೊರಗೆ ಎಷ್ಟು ದೊಡ್ಡ ಧಣಿಯಾದರೂ ಅಲ್ಲಿ ಗೌರವದ ನೆಂಟ. ನೆಂಟನಿಗೆ ಊಟಕ್ಕೆ ಮೊದಲ ಎಲೆ ಸಿಗುತ್ತದೆ, ಗೋಡೆಗೆ ಒಂದು ಮೊಳೆ ಹೊಡೆಯುವ ಅಧಿಕಾರ ಸಿಗುವುದಿಲ್ಲ.

ಆ ಮನೆಯ ಕಕ್ಕಸು ಬಾವಿಯ ಆಚೆ, ಹಂಚಿನ ಮಾಡಿನ ಕೆಳಗೆ ಇತ್ತು. ನೆಲಕ್ಕೆ ಹೂತ ಬಿಳಿ ಬೇಸಿನ್, ಎರಡು ಕಡೆ ಪಾದ ಇಡುವ ಕಲ್ಲು, ಮೂಲೆಯಲ್ಲಿ ನಳ್ಳಿ. ಶೆಟ್ಟರು ಬಲಗಾಲನ್ನು ಮಡಚಿ, ಎಡಗಾಲನ್ನು ಮುಂದಕ್ಕೆ ಚಾಚಿ, ನಳ್ಳಿಯ ಪೈಪು ಹಿಡಿದುಕೊಂಡು ಇಳಿಯಲು ನೋಡಿದರು. ಪೈಪು ಕೈಗೇ ಬಂತು. ಬಿದ್ದ ಜಾಗ ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಏಳಲು ಆಗದೆ, ಗೋಡೆಗೆ ಭುಜ ಕೊಟ್ಟು ಒದ್ದಾಡುತ್ತಿದ್ದಾಗ ಹೊರಗೆ ಹಲ್ಲುಜ್ಜುತ್ತಿದ್ದ ಚಿತ್ತರಂಜನ ರೈಗಳ ಧ್ವನಿ ಕೇಳಿಸಿತು.

“ಎಂತ ಭಾವ, ಎಂತದು ಶಬ್ದ?”

“ಎಂತ ಇಲ್ಲ ಭಾವ. ಬಾಲ್ದಿ ಬಿತ್ತು.”

ಆಗಲೇ ಹೇಳಬಹುದಿತ್ತು. ಒಂದು ಮಾತು, ಅಷ್ಟೇ. ಆದರೆ ಹೇಳಿದರೆ ಮುಂದೆ ಏನಾಗುತ್ತದೆಂದು ಶೆಟ್ಟರಿಗೆ ಗೊತ್ತಿತ್ತು. ರೈಗಳು ಚಾವಡಿಯಲ್ಲಿ ಎಲ್ಲರನ್ನೂ ಕೂರಿಸಿ ಕೇಳುತ್ತಾರೆ. ಮನೆಯ ನೆಲ ಒಡೆಯಲು ಹಿರಿಯ ಅತ್ತಿಗೆ, ನಾದಿನಿ ಎಲ್ಲರ ಒಪ್ಪಿಗೆ ಬೇಕು. ಯಾಕೆ ಒಡೆಯುವುದು ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಬೇಕು. ಕಮೋಡು ಎಂದರೆ ಆ ಮನೆಯವರ ಲೆಕ್ಕದಲ್ಲಿ ಒಂದೋ ಬಂಗಲೆಯ ದೊರೆಗಳಿಗೆ, ಇಲ್ಲವೇ ಇವತ್ತೋ ನಾಳೆಯೋ ಎಂದು ಇರುವವರಿಗೆ. ಶೆಟ್ಟರು ದೊರೆಯಲ್ಲ. ಪ್ರಾಯದಲ್ಲಿ ವಾಲಿಬಾಲ್ ಆಡಿ ಊರೂರು ಸುತ್ತಿದ ಆಳು, ಈಗಲೂ ಮೀಸೆಗೆ ಎಣ್ಣೆ ತೀಡುವ ಮನುಷ್ಯ. ಹೆಂಡತಿಯ ಮನೆಯಲ್ಲಿ ಹೆಂಡತಿಯ ಅಣ್ಣನ ಎದುರು ‘ನನಗೆ ಅದಕ್ಕೆ ಕೂರಲು ಆಗುವುದಿಲ್ಲ’ ಎನ್ನುವುದಕ್ಕೆ ಅವರ ನಾಲಿಗೆ ಏಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಅವಳಿಗೆ ಹೇಳಿದರೆ ಅಣ್ಣನಿಗೆ ಹೇಳಿದ ಹಾಗೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಲಾಡ್ಜಿನ ಆರನೇ ನಂಬರ್ ನೆನಪಾದದ್ದು ಆಗ. ಶಶಿ ಲಾಡ್ಜಿಗೆ ಬರುವವರಲ್ಲಿ ಮುಕ್ಕಾಲು ಜನ ಸುತ್ತಮುತ್ತಲಿನ ಆಸ್ಪತ್ರೆಗಳಿಗೆ ಬಂದವರು. ಕಟ್ಟಿಸುವಾಗ ಪರಿಚಯದ ಡಾಕ್ಟರೊಬ್ಬರು, ಒಂದು ರೂಮನ್ನಾದರೂ ಆಪರೇಷನ್ ಆದವರಿಗೆ ಸರಿಯಾಗುವ ಹಾಗೆ ಮಾಡಿ ಶೆಟ್ರೇ ಎಂದಿದ್ದರು. ಹಾಗೆ ಆರನೇ ನಂಬರ್ ಆಯಿತು: ಕೆಳ ಅಂತಸ್ತಿನಲ್ಲಿ, ಹೊಸ್ತಿಲಿಲ್ಲದೆ, ಗಾಲಿಕುರ್ಚಿ ನುಗ್ಗುವಷ್ಟು ಅಗಲದ ಬಾಗಿಲು, ಬಚ್ಚಲಿನಲ್ಲಿ ಕಮೋಡು, ಅದರ ಪಕ್ಕದ ಗೋಡೆಗೆ ಇಸಿದೋರ್ ಮೇಸ್ತ್ರಿ ಸಿಮೆಂಟು ಹಾಕಿ ಕೂರಿಸಿದ ದಪ್ಪ ಕಬ್ಬಿಣದ ಹಿಡಿ. ಎತ್ತು ಕಟ್ಟಿ ಎಳೆದರೂ ಅದು ಬರುವಂತಿರಲಿಲ್ಲ. ಆ ರೂಮು ಖಾಲಿ ಬಿದ್ದದ್ದೇ ಇಲ್ಲ. ಒಬ್ಬ ರೋಗಿ ಹೋದರೆ ಇನ್ನೊಬ್ಬ ಕಾಯುತ್ತಿದ್ದ.

ಶೆಟ್ಟರು ಮ್ಯಾನೇಜರ್ ಜಯಪಾಲನನ್ನು ಕರೆದು ಹೇಳಿದರು. “ಆರು ಇನ್ನು ಯಾರಿಗೂ ಕೊಡುವುದು ಬೇಡ. ಬೀಗದಕೈ ನನ್ನ ಹತ್ರ ಇರ್ಲಿ.”

“ಆಯ್ತು ಧಣಿಗಳೇ.”

“ನಾನು ಬೆಳಿಗ್ಗೆ ಬೇಗ ಬರ್ತೇನೆ. ಸ್ವಲ್ಪ ಹೊತ್ತು ಅಲ್ಲಿರ್ತೇನೆ. ಯಾರೂ ಬಾಗಿಲು ತಟ್ಟುವುದು ಬೇಡ.”

“ಆಯ್ತು ಧಣಿಗಳೇ,” ಎಂದ ಜಯಪಾಲ, ಈ ಸಲ ಧ್ವನಿ ತಗ್ಗಿಸಿ. ಅವನು ಒಳ್ಳೆಯ ಮ್ಯಾನೇಜರ್. ಧಣಿ ಹೇಳದೆ ಬಿಟ್ಟದ್ದನ್ನೂ ಅರ್ಥ ಮಾಡಿಕೊಳ್ಳುವವನು. ಮರುದಿನ ಶೆಟ್ಟರು ರಿಕ್ಷಾದಿಂದ ಕಾಲು ಎಳೆದುಕೊಂಡು ಇಳಿದು ಆರನೇ ನಂಬರಿಗೆ ಹೋಗಿ, ಕೆಲಸ ಮುಗಿಸಿ ಬಾಗಿಲು ತೆರೆದಾಗ ಹೊರಗಿನ ಸ್ಟೂಲಿನ ಮೇಲೆ ತಟ್ಟೆ ಮುಚ್ಚಿದ ಚಹಾ ಇತ್ತು. ಒಂದಲ್ಲ, ಎರಡು ಗ್ಲಾಸು.

ಶೆಟ್ಟರಿಗೆ ಅರ್ಥವಾಯಿತು. ಕಿವಿ ಬಿಸಿಯಾಯಿತು. ‘ಯಾರಿಗೋ ಇದು ಎರಡನೇದು?’ ಎಂದು ಗದರಿಸಲು ಬಾಯಿ ತೆರೆದರು. ಗದರಿಸಿದರೆ, ಹಾಗಾದರೆ ಧಣಿ ಒಳಗೆ ಏನು ಮಾಡುತ್ತಾರೆ ಎಂಬ ಪ್ರಶ್ನೆ ಬರುತ್ತದೆ. ಬಾಯಿ ಮುಚ್ಚಿ ಎರಡೂ ಗ್ಲಾಸು ಕುಡಿದರು. ಅಂದಿನಿಂದ ದಿನವೂ ಎರಡು ಚಹಾ ಬಂತು, ದಿನವೂ ಶೆಟ್ಟರು ಎರಡನ್ನೂ ಕುಡಿದರು.

ಆ ಹೆಂಗಸನ್ನು ಯಾರೂ ನೋಡಿರಲಿಲ್ಲ. ನೋಡದೆ ಇದ್ದದ್ದರಿಂದಲೇ ಅವಳು ದಿನದಿಂದ ದಿನಕ್ಕೆ ಚೆಲುವೆಯಾದಳು. ಬೋಳಾರದ ಕಡೆಯ ನರ್ಸು ಎಂದರು ಕೆಲವರು, ಗಂಡ ದುಬಾಯಿಯಲ್ಲಿರುವವಳು ಎಂದರು ಇನ್ನು ಕೆಲವರು. ಬಚ್ಚಲಿಗೆ ಹಿಂದಿನ ಓಣಿಯಿಂದ ಗುಡಿಸುವವರು ಬರುವ ಒಂದು ಬಾಗಿಲಿತ್ತು; ಅವಳು ಬಂದು ಹೋಗುವುದು ಅಲ್ಲಿಂದ ಎಂದು ಜಯಪಾಲನೇ ತೀರ್ಮಾನ ಮಾಡಿದ್ದ. ಶೆಟ್ಟರ ಕಾಲು ಸೆಟೆದದ್ದು ಊರಿಗೆಲ್ಲ ಗೊತ್ತಿತ್ತು. ಆದರೂ ಕಾಲಿನಿಂದ ಕಕ್ಕಸಿಗೆ ಒಬ್ಬರ ಬುದ್ಧಿಯೂ ಹೋಗಲಿಲ್ಲ. ಹೆಂಗಸಿನ ಕಡೆಗೆ ಎಲ್ಲರದೂ ಹೋಯಿತು.

ಒಂದು ಸಂಜೆ ಕ್ಲಬ್ಬಿನಲ್ಲಿ ಇಸ್ಪೀಟು ಹಂಚುತ್ತಾ ಒಬ್ಬ ಗೆಳೆಯ ಹೇಳಿಯೇಬಿಟ್ಟ. “ಕಾಲು ಹೀಗೆ ಆದ್ರೂ ನಿಮ್ಮದು ನಿಲ್ಲಲಿಲ್ಲ ಅಲ್ಲಾ ಮಾರಾಯ್ರೆ!”

ಮೇಜಿನ ಸುತ್ತ ನಗು ಎದ್ದಿತು. ಶೆಟ್ಟರು ಇಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. ಮೀಸೆಯಡಿಯಲ್ಲಿ ಸ್ವಲ್ಪ ನಕ್ಕರು. ಮನೆಗೆ ಹೋಗುವಾಗ ರಿಕ್ಷಾದಲ್ಲಿ ಆ ನಗು ನೆನಪಾಗಿ ಅಂಗೈಯಿಂದ ಮೀಸೆ ಒರೆಸಿಕೊಂಡರು. ಆದರೂ ನಾನು ಸತ್ಯ ಹೇಳಬೇಕು: ನಗುವಾಗ ಅವರಿಗೆ ಹಿತವಾಗಿತ್ತು. ಬಿದ್ದ ಗಂಡಸಿಗಿಂತ ಕೆಟ್ಟ ಗಂಡಸು ವಾಸಿ ಎಂದು ಅವರೊಳಗೆ ಯಾರೋ ಲೆಕ್ಕ ಹಾಕಿ ಮುಗಿಸಿದ್ದರು. ಆ ಲೆಕ್ಕದಲ್ಲಿ ಹೆಂಡತಿಯನ್ನು ಸೇರಿಸಿರಲಿಲ್ಲ.

ಶಶಿಪ್ರಭಾ ಒಮ್ಮೆ ಮಾತ್ರ ಕೇಳಿದರು. “ಬೆಳಿಗ್ಗೆ ಬೆಳಿಗ್ಗೆ ಲಾಡ್ಜಿನಲ್ಲಿ ಎಂತ ಉಂಟು ನಿಮಗೆ?”

“ಪಂಪು ನೋಡ್ಬೇಕು, ಹಾಲಿನವನನ್ನು ನೋಡ್ಬೇಕು. ನಾನು ಹೋಗದಿದ್ರೆ ಅಲ್ಲಿ ಯಾರು ಉಂಟು?”

ಅವರು ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಒಳಗೆ ಹೋದರು. ಅಂದಿನಿಂದ ಆ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದರು. ಒಂದು ಮದುವೆಯಲ್ಲಿ ಹೆಂಗಸರ ಗುಂಪು ಅವರು ಬರುತ್ತಲೇ ಮಾತು ನಿಲ್ಲಿಸಿ, ಅತಿಯಾದ ಪ್ರೀತಿಯಿಂದ ಜಾಗ ಬಿಟ್ಟುಕೊಟ್ಟದ್ದನ್ನು ಶೆಟ್ಟರು ಗಂಡಸರ ಸಾಲಿನಿಂದ ಕಂಡರು. ಹೆಂಡತಿ ತಲೆ ತಗ್ಗಿಸಿ ಕುಳಿತದ್ದನ್ನೂ ಕಂಡರು. ಅಂದು ಊಟ ಸೇರಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡರು. ನಾಳೆ ಬೆಳಿಗ್ಗೆ ಎದ್ದು ರಿಕ್ಷಾ ಹತ್ತಿದರು.

ಹೀಗಿರುವಾಗ ಬೀಫಾತಿಮ್ಮ ಬಂದಳು.

ಉಪ್ಪಳದ ಕಡೆಯ ಮುದುಕಿ. ಜಾರಿ ಬಿದ್ದು ಸೊಂಟದ ಎಲುಬು ಮುರಿದು, ಅದಕ್ಕೆ ಪ್ಲೇಟು ಹಾಕಿಸಿಕೊಂಡಿದ್ದಳು. ಆಸ್ಪತ್ರೆಯವರು ಬಿಟ್ಟಿದ್ದರು, ಆದರೆ ಡ್ರೆಸ್ಸಿಂಗಿಗೆ ಬರುತ್ತಿರಬೇಕು, ಬಸ್ಸಿನ ಕುಲುಕಾಟ ಕೂಡದು. ಮಗಳು ರುಖಿಯಾ ಅವಳನ್ನು ಭುಜಕ್ಕೆ ಒರಗಿಸಿಕೊಂಡು ಲಾಡ್ಜಿನ ಕೌಂಟರಿಗೆ ಬಂದಾಗ ಶೆಟ್ಟರು ಅಲ್ಲೇ ಪಕ್ಕದಲ್ಲಿ ಕಾಲು ಚಾಚಿಕೊಂಡು ಪೇಪರು ಓದುತ್ತಿದ್ದರು.

“ಆರನೇ ನಂಬರ್ ಬೇಕಿತ್ತು,” ಎಂದಳು ರುಖಿಯಾ. “ಆಸ್ಪತ್ರೆಯ ಆಯಾ ಹೇಳಿದ್ದು, ಅದನ್ನೇ ಕೇಳಿ ಅಂತ.”

“ಆರು ಇಲ್ಲಮ್ಮ. ನಾಲ್ಕು ಉಂಟು,” ಎಂದ ಜಯಪಾಲ. “ಅದು ಸಹ ಕೆಳಗೇ. ಮೆಟ್ಟಿಲು ಹತ್ಲಿಕ್ಕಿಲ್ಲ.”

ರುಖಿಯಾ ತಲೆಯ ಮೇಲಿನ ಬಟ್ಟೆ ಎಳೆದುಕೊಂಡು, ಅತ್ತಿತ್ತ ನೋಡಿ, ತಾಯಿಯ ಕಡೆ ತೋರಿಸಿ, ತಗ್ಗಿದ ಧ್ವನಿಯಲ್ಲಿ ಹೇಳಿದಳು. “ಉಮ್ಮನಿಗೆ ಕೂರ್ಲಿಕ್ಕೆ ಆಗುವುದಿಲ್ಲ.”

“ಕೂರುವುದು ಎಂತಕ್ಕೆ? ನಾಲ್ಕರಲ್ಲಿ ಒಳ್ಳೆ ಮಂಚ ಉಂಟು. ಆರಾಮ ಮಲಗಲಿ.”

“ಹಾಗಲ್ಲ. ಕೂರ್ಲಿಕ್ಕೆ... ಆಗುವುದಿಲ್ಲ.”

“ಕುರ್ಚಿ ಬೇಕಾದ್ರೆ ಕಳಿಸ್ತೇನೆ ಮಾರಾಯ್ತಿ. ಕೈ ಇರುವ ಕುರ್ಚಿಯೇ ಉಂಟು.”

ಜಯಪಾಲ ತಮಾಷೆ ಮಾಡುತ್ತಿರಲಿಲ್ಲ. ನಮ್ಮಲ್ಲಿ ಸಿಂಹಾಸನದಲ್ಲಿ ಕೂರುವುದೂ ಕೂರುವುದೇ, ಚಾಪೆಯಲ್ಲಿ ಕೂರುವುದೂ ಕೂರುವುದೇ, ಅದಕ್ಕೆ ಕೂರುವುದೂ ಕೂರುವುದೇ. ಕೌಂಟರಿನಲ್ಲಿ ಗಂಡಸರ ಎದುರು ಒಬ್ಬ ಹೆಂಗಸಿಗೆ ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಲು ಬರುವುದಿಲ್ಲ. ಆ ಊರಿನಲ್ಲಿ ಆ ಮಾತು ಅರ್ಥವಾಗುವ ಒಬ್ಬರೇ ಗಂಡಸು ಪೇಪರಿನ ಹಿಂದೆ ಇದ್ದರು.

ಶೆಟ್ಟರು ಪೇಪರಿನ ಅಂಚಿನಿಂದ ಮುದುಕಿಯನ್ನು ನೋಡಿದರು. ಅವಳ ತುಟಿ ಒಣಗಿ ಬಿಳಿಚಿತ್ತು. ಜಯಪಾಲ ನೀರು ಕೊಟ್ಟರೆ ಬೇಡ ಎಂದು ಕೈಯಾಡಿಸಿದಳು. ಯಾಕೆ ಬೇಡ ಎಂದು ಅವರಿಗೆ ಗೊತ್ತಿತ್ತು. ನೀರು ಕುಡಿದರೆ, ಅನ್ನ ತಿಂದರೆ, ಹೋಗಬೇಕಾಗುತ್ತದೆ. ಮೊದಲ ದಿನಗಳಲ್ಲಿ ಅವರೂ ಹೀಗೇ ಬಾಯಾರಿ ಕುಳಿತಿದ್ದರು. ಕಿಸೆಯಲ್ಲಿ ಆರನೇ ನಂಬರಿನ ಬೀಗದಕೈ ತೊಡೆಗೆ ಒತ್ತುತ್ತಿತ್ತು. ಕೊಟ್ಟರೆ ಬೆಳಿಗ್ಗೆ ತಾನು ಎಲ್ಲಿಗೆ ಹೋಗುವುದು? ಒಂದು ದಿನವಲ್ಲ, ಎರಡು ದಿನವಲ್ಲ. ಬೇರೆ ಲಾಡ್ಜಿಗೆ ಹೋಗಿ ಕೇಳುವುದೇ?

“ಆರು ಬುಕ್ ಆಗಿದೆ,” ಎಂದರು, ಪೇಪರು ಕೆಳಗಿಳಿಸದೆ.

ಮರುದಿನ ಬೆಳಿಗ್ಗೆ ಅವರು ಆರನೇ ನಂಬರಿನ ಕಮೋಡಿನ ಮೇಲೆ ಇದ್ದಾಗ, ಗೋಡೆಯ ಮೇಲಿನ ಗಾಳಿಕಿಂಡಿಯಿಂದ ಪಕ್ಕದ ನಾಲ್ಕನೇ ನಂಬರಿನ ಬಚ್ಚಲಿನ ಮಾತು ಕೇಳಿಸಿತು. “ನನ್ನ ಕುತ್ತಿಗೆ ಹಿಡ್ಕೊಳ್ಳಿ ಉಮ್ಮ. ಬಿಡ್ಬೇಡಿ. ಇನ್ನು ಸ್ವಲ್ಪ ಕೆಳಗೆ.” ಆಮೇಲೆ ಮುದುಕಿಯ ನರಳಾಟ. ಆಮೇಲೆ ಬಾಲ್ದಿ ಉರುಳಿದ ಸದ್ದು, ನಿಜವಾಗಿಯೂ ಬಾಲ್ದಿ. “ಬೇಡ ಮೋಳೇ, ಬೇಡ, ಎತ್ತು ನನ್ನನ್ನು,” ಎಂದು ಮುದುಕಿ ಮಗಳನ್ನು ಬೇಡುತ್ತಾ ಅತ್ತಳು.

ಶೆಟ್ಟರು ಕಬ್ಬಿಣದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು ಉಸಿರು ಕಟ್ಟಿ ಕುಳಿತರು. ತಾನು ಇಲ್ಲಿರುವುದು ಆಚೆ ಗೊತ್ತಾಗದಿರಲಿ ಎಂದು ನೀರು ಸಹ ಹಾಕಲಿಲ್ಲ. ಆಚೆ ಸದ್ದು ಅಡಗಿದ ಮೇಲೆ ಎದ್ದು, ಕೈ ತೊಳೆದು, ಹೊರಗೆ ಬಂದು ಎರಡು ಚಹಾ ಕುಡಿದರು.

ರುಖಿಯಾ ಅಷ್ಟಕ್ಕೆ ಬಿಡುವವಳಲ್ಲ. ಉಮ್ಮನನ್ನು ಮಲಗಿಸಿ ಬಂದು ಜಯಪಾಲನನ್ನು ಹಿಡಿದಳು. ಆರರಲ್ಲಿ ಯಾರಿದ್ದಾರೆ, ಅವರ ಹತ್ತಿರ ನಾನೇ ಕೇಳಿಕೊಳ್ಳುತ್ತೇನೆ ಎಂದಳು. ಜಯಪಾಲ ತಲೆ ತುರಿಸಿ, ಧಣಿಗಳ ಮರ್ಯಾದೆ ಉಳಿಯುವ ಹಾಗೆ ಒಂದು ಉತ್ತರ ಹುಡುಕಿದ. “ಅದು ಧಣಿಗಳ ಸ್ವಂತದವರು ಒಬ್ರು ಹೆಂಗಸರಿಗೆ ಇಟ್ಟದ್ದು. ನಾನು ಎಂತ ಹೇಳ್ಲಿಕ್ಕೂ ಆಗುವುದಿಲ್ಲ.”

ಸ್ವಂತದವರು ಎಂದರೆ ಮನೆಯ ನೆಂಟರು ಎಂದು ರುಖಿಯಾ ತಿಳಿದಳು. ಗಂಡಸರ ಹತ್ತಿರ ಆಡಲಾರದ ಮಾತನ್ನು ಹೆಂಗಸರ ಹತ್ತಿರ ಆಡಬಹುದು ಎಂದುಕೊಂಡು ಬಿಜೈಯ ಮನೆ ಕೇಳಿಕೊಂಡು ಹೋದಳು. ಶಶಿಪ್ರಭಾ ಅವಳಿಗೆ ಬೆಲ್ಲ, ನೀರು ಕೊಟ್ಟು ಜಗಲಿಯಲ್ಲಿ ಕೂರಿಸಿದರು.

“ಅಕ್ಕ, ನಿಮ್ಮ ಲಾಡ್ಜಿನ ಆರನೇ ನಂಬರಿನಲ್ಲಿ ನಿಮ್ಮವರು ಯಾರೋ ಹೆಂಗಸರು ಇದ್ದಾರಂತೆ,” ಎಂದಳು ರುಖಿಯಾ.

ಶಶಿಪ್ರಭಾ ಅವರ ಕೈಯಲ್ಲಿದ್ದ ತಂಬಿಗೆ ಹಾಗೆಯೇ ನಿಂತಿತು. ವರ್ಷವಿಡೀ ಊರು ಬೆನ್ನ ಹಿಂದೆ ಆಡಿದ ಮಾತನ್ನು ಒಬ್ಬಳು ಎದುರಿಗೆ ಕುಳಿತು, ಬೆಲ್ಲ ಕಡಿಯುತ್ತಾ ಹೇಳುತ್ತಿದ್ದಳು. ಅದರಲ್ಲೂ ‘ನಿಮ್ಮವರು’ ಎಂದು.

“ಅಲ್ಲಿ ಕುರ್ಚಿ ಹಾಗೆ ಕೂರುವ ಕಕ್ಕಸು ಉಂಟಂತೆ,” ರುಖಿಯಾ ಮುಂದುವರಿಸಿದಳು. “ನನ್ನ ಉಮ್ಮನಿಗೆ ಕೆಳಗೆ ಕೂರ್ಲಿಕ್ಕೆ ಆಗುವುದಿಲ್ಲ ಅಕ್ಕ. ಇವತ್ತು ಬೆಳಿಗ್ಗೆ ನನ್ನ ಕೈಯಿಂದ ಜಾರಿ ಬೀಳ್ತಿದ್ರು. ಆಸ್ಪತ್ರೆ ಬಿಟ್ಟ ಮೇಲೆ ಅನ್ನ ಮುಟ್ಟಲಿಲ್ಲ, ಹೋಗ್ಬೇಕಾಗ್ತದೆ ಅಂತ ಹೆದರಿಕೆ. ನಿಮ್ಮವರಿಗೆ ಸ್ವಲ್ಪ ದಿನ ನಾಲ್ಕಕ್ಕೆ ಬರ್ಲಿಕ್ಕೆ ಹೇಳ್ತೀರಾ? ನೀವು ಹೇಳಿದ್ರೆ ಕೇಳ್ತಾರೆ.”

ನಾಚಿಕೆಯಿಂದ ಶಶಿಪ್ರಭಾ ಅವರ ಮುಖ ಸುಟ್ಟಂತಾಯಿತು. ಗಂಡ ಇಟ್ಟುಕೊಂಡವಳಿಗೆ ಜಾಗ ಬಿಡಲು ಹೇಳುವ ಕೆಲಸ ಈಗ ತನ್ನದು. ಬಾಗಿಲು ಮುಚ್ಚಿಕೊಂಡು ಒಳಗೆ ಹೋಗಿಬಿಡಬೇಕೆನಿಸಿತು. ಆದರೆ ಎದುರಿಗಿದ್ದವಳ ಕುತ್ತಿಗೆಯಲ್ಲಿ, ತಾಯಿ ಜೋತುಬಿದ್ದು ಹಿಡಿದ ಉಗುರಿನ ಗೀರು ಇನ್ನೂ ಕೆಂಪಗಿತ್ತು.

“ನಾಳೆ ಬೆಳಿಗ್ಗೆ ನಾನೇ ಬರ್ತೇನೆ,” ಎಂದರು. “ಉಮ್ಮನಿಗೆ ಇವತ್ತು ಅನ್ನ ಕೊಡು.”

ಆ ದಿನ ಗಂಡನಿಗೆ ಅವರು ಏನೂ ಹೇಳಲಿಲ್ಲ. ಕೇಳಿದರೆ ಪಂಪು, ಹಾಲಿನವನು ಎಂದು ಶುರುವಾಗುತ್ತದೆ. ಬೆಳಿಗ್ಗೆ ಶೆಟ್ಟರ ರಿಕ್ಷಾ ಹೊರಟ ಸ್ವಲ್ಪ ಹೊತ್ತಿಗೆ ಇನ್ನೊಂದು ರಿಕ್ಷಾ ಹಿಡಿದು ತನ್ನದೇ ಹೆಸರಿನ ಬೋರ್ಡಿನ ಕೆಳಗೆ ಇಳಿದರು.

ಎರಡು ಗ್ಲಾಸು ಚಹಾ ಹಿಡಿದು ಬರುತ್ತಿದ್ದ ಜಯಪಾಲ ಅವರನ್ನು ಕಂಡು ಗೋಡೆಗೆ ಅಂಟಿಕೊಂಡ. ಶಶಿಪ್ರಭಾ ಆ ಎರಡು ಗ್ಲಾಸುಗಳನ್ನು ನೋಡಿದರು. ಮುಂದೆ ಹೋದರು. ಆರನೇ ನಂಬರಿನ ಎದುರು ಬೀಫಾತಿಮ್ಮ ಮಗಳಿಗೆ ಒರಗಿ, ತುಟಿ ಕಚ್ಚಿಕೊಂಡು ನಿಂತಿದ್ದಳು. ಅಕ್ಕ ಹೇಳಿದ್ದಾರೆಂದು ರುಖಿಯಾ ಹಿಂದಿನ ದಿನ ಅವಳಿಗೆ ಹೊಟ್ಟೆ ತುಂಬ ಗಂಜಿ ಉಣಿಸಿದ್ದಳು. ಈಗ ಅವಳಿಗೆ ತಡೆಯುವಂತಿರಲಿಲ್ಲ.

ಶಶಿಪ್ರಭಾ ಬಾಗಿಲು ತಟ್ಟಿದರು. “ನಾನು. ಬಾಗಿಲು ತೆಗೀರಿ.”

ಒಳಗೆ ಶೆಟ್ಟರು ಪಂಚೆ ಸುತ್ತಿಕೊಂಡು, ಹಿಡಿಯ ಮೇಲೆ ಭಾರ ಹಾಕಿ ಎದ್ದು, ಬಚ್ಚಲಿನಿಂದ ರೂಮಿಗೆ ಕುಂಟುತ್ತಾ ಬಂದು ಬಾಗಿಲಿನ ಹಿಂದೆ ನಿಂತರು. ತೆರೆದರೆ ಅವಳು ನೋಡುತ್ತಾಳೆ: ಖಾಲಿ ರೂಮು, ಖಾಲಿ ಮಂಚ, ತೆರೆದ ಬಚ್ಚಲು, ಕಮೋಡು. ತೆರೆಯದಿದ್ದರೆ ಒಬ್ಬಳು ಇದ್ದಾಳೆ ಎಂದಾಗುತ್ತದೆ. ಹೊರಗೆ ಜಯಪಾಲ ಇದ್ದಾನೆ, ಬೇರೆ ಯಾರ್ಯಾರದೋ ಚಪ್ಪಲಿಯ ಸದ್ದು ಸೇರುತ್ತಿದೆ. ಅಲ್ಲಿ, ಆ ಗಳಿಗೆಯಲ್ಲಿ, ಮಹಾಬಲ ಶೆಟ್ಟರು ತಮ್ಮ ಜೀವಮಾನದ ಅತ್ಯಂತ ಹೇಸಿಗೆಯ ಮಾತು ಆಡಿದರು.

“ನೀನು ಮನೆಗೆ ಹೋಗು ಶಶಿ. ತಪ್ಪಾಯ್ತು. ನಾಳೆಯಿಂದ ಇಲ್ಲಿ ಅವಳು ಇರುವುದಿಲ್ಲ.”

ಇಲ್ಲದ ಹೆಂಗಸನ್ನು ಅವರೇ ಒಪ್ಪಿಕೊಂಡರು. ಕಾರಿಡಾರಿನಲ್ಲಿದ್ದವರೆಲ್ಲ ಕೇಳಿದರು.

ಆಮೇಲೆ ಶಶಿಪ್ರಭಾ ಅವರ ಧ್ವನಿ ಬಾಗಿಲಿಗೆ ಹತ್ತಿರವಾಗಿ, ಮೆಲ್ಲಗೆ ಬಂತು.

“ಅವಳಿಗೆ ಹೇಳಿ, ಸೆರಗು ಮುಖಕ್ಕೆ ಹಾಕ್ಕೊಂಡು ಹೋಗ್ಲಿ. ನಾನು ಗೋಡೆ ಕಡೆ ತಿರುಗಿ ನಿಲ್ತೇನೆ, ನೋಡುವುದಿಲ್ಲ. ನಾನು ಜಗಳಕ್ಕೆ ಬಂದದ್ದಲ್ಲ. ಇಲ್ಲಿ ಒಬ್ರು ಉಮ್ಮ ಇದ್ದಾರೆ. ಅವರಿಗೆ ಕೂರ್ಲಿಕ್ಕೆ ಆಗುವುದಿಲ್ಲ. ಒಮ್ಮೆ ಬಾಗಿಲು ತೆಗೀರಿ, ನಿಮಗೆ ಕೈ ಮುಗೀತೇನೆ.”

ಶೆಟ್ಟರು ಬಾಗಿಲು ತೆರೆದರು.

ಶಶಿಪ್ರಭಾ ಹೇಳಿದ ಹಾಗೆಯೇ ಗೋಡೆಗೆ ಮುಖ ಮಾಡಿ ನಿಂತಿದ್ದರು. ಹಣೆ ಸುಣ್ಣಕ್ಕೆ ತಾಗುವಷ್ಟು ಹತ್ತಿರ, ಎರಡೂ ಕಣ್ಣು ಮುಚ್ಚಿ. ರುಖಿಯಾ ತಾಯಿಯನ್ನು ಒಳಗೆ ಕರೆದುಕೊಂಡು ಹೋದಳು. ಬೀಫಾತಿಮ್ಮ ಕಬ್ಬಿಣದ ಹಿಡಿ ಹಿಡಿದು, ಯಾರ ಸಹಾಯವೂ ಇಲ್ಲದೆ ತಾನಾಗಿ ಕುಳಿತಳು. ಬಚ್ಚಲಿನ ಬಾಗಿಲು ಮುಚ್ಚಿಕೊಂಡಿತು.

“ಹೋದಳಾ?” ಎಂದು ಕೇಳಿದರು ಶಶಿಪ್ರಭಾ, ತಿರುಗದೆ.

“ಯಾರೂ ಇಲ್ಲ ಶಶಿ.” ಶೆಟ್ಟರ ಧ್ವನಿ ಒಡೆದಿತ್ತು. “ಯಾರೂ ಇರ್ಲಿಲ್ಲ. ನಾನು ಬರುವುದು ಇದಕ್ಕೇ. ನನಗೂ ಕೂರ್ಲಿಕ್ಕೆ ಆಗುವುದಿಲ್ಲ.”

ಅವರು ತಿರುಗಿದರು. ಗಂಡನ ಅರ್ಧಂಬರ್ಧ ಸುತ್ತಿದ ಪಂಚೆ, ಮುಂದಕ್ಕೆ ಸೆಟೆದ ಕಾಲು, ಮುಟ್ಟದ ಹಾಸಿಗೆ, ಮುಚ್ಚಿದ ಬಚ್ಚಲಿನ ಬಾಗಿಲು, ಒಂದೊಂದನ್ನೇ ನೋಡಿದರು. ಒಳಗೆ ಬಂದು ಮಂಚದ ತುದಿಯಲ್ಲಿ ಕುಳಿತರು.

“ಆ ಕಾಲಿಗೆ ಅಷ್ಟು ದಿನ ಎಣ್ಣೆ ಹಚ್ಚಿದ್ದೇನೆ,” ಎಂದರು. “ನನಗೂ ಹೊಳೀಲಿಲ್ಲ. ನೀವು ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?”

“ನಾಚಿಕೆ ಆಯ್ತು.”

“ನಿಮ್ಮ ನಾಚಿಕೆ ಉಳಿಸ್ಲಿಕ್ಕೆ ನಾನು ವರ್ಷ ಇಡೀ ತಲೆ ತಗ್ಗಿಸಿದೆ. ಹೆಂಗಸು ಇದ್ದಿದ್ರೆ ಅವಳೊಟ್ಟಿಗೆ ಜಗಳ ಆದ್ರೂ ಆಡ್ತಿದ್ದೆ. ಇದರೊಟ್ಟಿಗೆ ಎಂತ ಜಗಳ ಆಡುವುದು ನಾನು?” ಬಚ್ಚಲಿನ ಕಡೆ ಕೈ ತೋರಿಸಿದರು. ಅಳಲಿಲ್ಲ. ಅತ್ತಿದ್ದರೆ ಶೆಟ್ಟರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. “ಈಗ ಬಾಗಿಲ ಹಿಂದಿನಿಂದ ಹೇಳಿದ್ರಲ್ಲ, ಅದು ಎಲ್ಲರಿಗೂ ಕೇಳಿತು. ಇದನ್ನೂ ಹೊರಗೆ ಹೋಗಿ ಹೇಳಿ. ಎಲ್ಲರಿಗೂ ಕೇಳುವ ಹಾಗೆ ಹೇಳಿ.”

ಶೆಟ್ಟರು ಹೊರಗೆ ಬಂದರು. ಕಾರಿಡಾರಿನಲ್ಲಿ ಜಯಪಾಲ ಆರಿದ ಚಹಾ ಹಿಡಿದೇ ನಿಂತಿದ್ದ. ಫ್ಲಾಸ್ಕ್ ಹಿಡಿದ ಆಸ್ಪತ್ರೆಯ ಕಡೆಯವರು ಇಬ್ಬರು, ಗುಡಿಸುವ ಹೆಂಗಸು ಬಾಗಿ, ಮೇಲಿನ ಮೆಟ್ಟಿಲಿನಿಂದ ಬಗ್ಗಿ ನೋಡುವ ಒಂದು ಸಂಸಾರ.

“ಆ ರೂಮಿನಲ್ಲಿ ಯಾವ ಹೆಂಗಸೂ ಇರ್ಲಿಲ್ಲ,” ಎಂದರು. “ನಾನು ಬರ್ತಿದ್ದದ್ದು ಕಕ್ಕಸಿಗೆ. ಮೊಣಕಾಲು ಮಡಚುವುದಿಲ್ಲ. ನೆಲದಲ್ಲಿ ಕೂರ್ಲಿಕ್ಕೆ ಆಗುವುದಿಲ್ಲ ನನಗೆ.”

ಮೆಟ್ಟಿಲಿನ ಮೇಲೆ ಯಾರೋ ನಗು ನುಂಗಿ ಕೆಮ್ಮಿದರು. ಬಾಗಿ ಪೊರಕೆಯ ಕಡೆ ನೋಡಿದಳು. ಒಬ್ಬರ ಮುಖದಲ್ಲಿಯೂ ನಂಬಿಕೆ ಇರಲಿಲ್ಲ. ಐದು ನಿಮಿಷದ ಹಿಂದೆ ಇದೇ ಬಾಯಿ ಬೇರೆ ಮಾತು ಹೇಳಿದ್ದನ್ನು ಅವರು ಕೇಳಿದ್ದರು.

ಆಗ ಶೆಟ್ಟರು ಯಾರೂ ನಿರೀಕ್ಷಿಸದ ಕೆಲಸ ಮಾಡಿದರು. ಪಂಚೆ ಎತ್ತಿ ಕಟ್ಟಿ, ಕಾರಿಡಾರಿನ ನಡುವೆ, ಎಲ್ಲರ ಎದುರು, ಕಕ್ಕಸಿನಲ್ಲಿ ಕೂರುವ ಹಾಗೆ ಕೂರಲು ಹೊರಟರು. ಬಲ ಮೊಣಕಾಲು ಮಡಚಿತು. ಎಡಗಾಲು ಮರದ ಕೊರಡಿನಂತೆ ಮುಂದಕ್ಕೆ ಹೋಯಿತು. ಹಿಡಿಯಲು ಏನೂ ಇರಲಿಲ್ಲ. ಅರ್ಧ ದಾರಿಯಲ್ಲಿ ಸೊಂಟ ತಿರುಗಿ ಮಗುಚಿ ಬಿದ್ದರು. ಪಂಚೆ ಸರಿಯಿತು, ಮೇಲಿದ್ದ ಹೆಂಗಸರು ಮುಖ ತಿರುಗಿಸಿದರು.

“ನೋಡಿ,” ಎಂದರು ಶೆಟ್ಟರು ನೆಲದಿಂದ, ಏದುಸಿರು ಬಿಡುತ್ತಾ. “ನೋಡಿ, ಹೀಗೆ.”

ಜಯಪಾಲ ಚಹಾ ಬದಿಗಿಟ್ಟು ಓಡಿಬಂದ. ಧಣಿಯ ಕಂಕುಳಿಗೆ ಕೈ ಹಾಕಿ, ಕಿವಿಯ ಹತ್ತಿರ ಬಗ್ಗಿ, ವರ್ಷವಿಡೀ ಗುಟ್ಟು ಕಾದವನ ನಿಷ್ಠೆಯಿಂದ ಪಿಸುಗುಟ್ಟಿದ.

“ಸಾಕು ಧಣಿಗಳೇ, ಏಳಿ. ಅವರು ಹಿಂದಿನ ಬಾಗಿಲಿನಿಂದ ಹೋದದ್ದು ಯಾರೂ ನೋಡ್ಲಿಲ್ಲ. ಮನೆಯ ಅಮ್ಮ ನಂಬಿದ್ರು.”

“ಜಯಪಾಲ, ಅಲ್ಲಿ ಯಾರೂ ಇರ್ಲಿಲ್ಲ ಮಾರಾಯ.”

“ಇಲ್ಲ ಧಣಿಗಳೇ, ಯಾರೂ ಇರ್ಲಿಲ್ಲ,” ಎಂದ ಜಯಪಾಲ. ಪೊಲೀಸರು ಬಂದು ಕೇಳಿದರೂ ಅವನು ಅದೇ ಧ್ವನಿಯಲ್ಲಿ ಹೇಳುತ್ತಿದ್ದ.

ಆರನೇ ನಂಬರಿನ ಬಾಗಿಲಲ್ಲಿ ಶಶಿಪ್ರಭಾ ನಿಂತಿದ್ದರು. ಅವರಿಗೆ ಎಲ್ಲವೂ ಕೇಳಿಸಿತ್ತು. ಮೆಟ್ಟಿಲಿನ ಮೇಲಿನ ಹೆಂಗಸೊಬ್ಬಳು ಅವರನ್ನು ನೋಡಿ, ಆ ಮದುವೆಯ ಹೆಂಗಸರು ನೋಡಿದ ಹಾಗೆಯೇ, ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸಿದಳು. ಒಳಗಿನಿಂದ ರುಖಿಯಾ, “ಅಕ್ಕ, ಸ್ವಲ್ಪ ನೀರು,” ಎಂದು ಕರೆದಳು. ಶಶಿಪ್ರಭಾ ಬಾಲ್ದಿ ತೆಗೆದುಕೊಂಡು ಒಳಗೆ ಹೋದರು. ಶೆಟ್ಟರಿಗೆ ತಾವಾಗಿ ಏಳಲು ಆಗಲಿಲ್ಲ. ಜಯಪಾಲನ ಭುಜ ಹಿಡಿದುಕೊಂಡೇ ಎದ್ದರು.